ಕಪಾಟಿನೊಳಗಿದ್ದ ದೋಣಿ

ಜುಲ್ಲಿ, ನಿನ್ನ ಮದುವೆಯ ಮಾತು ಮುರಿದವಳು ನಾನು. ಪಕ್ಕದ ಮನೆಯ ಬೆನ್ನಿಬಾಯಿ — ಸ್ವಂತ ಅಕ್ಕನಿಗಿಂತ ಹೆಚ್ಚು ಎಂದು ನೀನು ಇವತ್ತಿಗೂ ಎಲ್ಲರ ಮುಂದೆ ಹೊಗಳುವ ಅದೇ ಬೆನ್ನಿಬಾಯಿ. ಕುಲಶೇಖರದ ಗಿಲ್ಬರ್ಟನ ಮನೆಯವರು ಹಿಂದೆ ಸರಿದದ್ದು ನಿನ್ನ ಬಣ್ಣಕ್ಕಲ್ಲ, ನಿನ್ನ ಮನೆಯ ಬಡತನಕ್ಕಲ್ಲ, ನೀನು ನರ್ಸ್ ಎಂಬ ಕಾರಣಕ್ಕೂ ಅಲ್ಲ. ನಾನು ಆಡಿದ ಒಂದು ಮಾತಿಗೆ. ಆ ಮಾತಿನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ — ಅಷ್ಟು ಜಾಣೆ ನಾನು.

ನಮ್ಮಿಬ್ಬರ ಮಾತು ಕೊಂಕಣಿ. ಆದರೂ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೊಂಕಣಿಯಲ್ಲಿ ಹೇಳಲು ಕೂತರೆ ನನಗೆ ಅಳು ಬರುತ್ತದೆ; ನನ್ನ ಅಳು ಕಂಡರೆ ನೀನು ಪೂರ್ತಿ ಕೇಳುವ ಮೊದಲೇ ಕ್ಷಮಿಸಿಬಿಡುತ್ತೀ. ಅದು ನನಗೆ ಬೇಡ. ಶಾಲೆಯಲ್ಲಿ ಜೀವಮಾನವಿಡೀ ಕಲಿಸಿದ ಭಾಷೆಯಲ್ಲಿ, ಮಕ್ಕಳಿಗೆ ಉಕ್ತಲೇಖನ ಹೇಳಿದ ಹಾಗೆ, ತಡವರಿಸದೆ ಹೇಳಿ ಮುಗಿಸಬೇಕೆಂದಿದ್ದೇನೆ. ತಡವರಿಸದೆ — ಆಗುತ್ತದೋ ಇಲ್ಲವೋ, ನೋಡೋಣ.

ಮೊದಲು ಬಂದದ್ದು ಆ ದೋಣಿ. ಅದರ ಕತೆ ನಿನಗೆ ಗೊತ್ತು, ಆದರೆ ನಾನು ನಿಂತಿದ್ದ ಕಡೆಯಿಂದ ಅದು ಹೇಗೆ ಕಾಣುತ್ತಿತ್ತೆಂದು ಗೊತ್ತಿಲ್ಲ. ಇಸವಿ ಅರವತ್ತೆರಡೋ ಅರವತ್ತಮೂರೋ ಇರಬೇಕು. ನನ್ನ ಗಂಡ ಮಾರ್ಸೆಲರ ಅಣ್ಣ ಪರದೇಶದ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ರಜೆಗೆ ಬರುವಾಗ ತಮ್ಮನಿಗೆಂದು ಒಂದು ರಟ್ಟಿನ ಪೆಟ್ಟಿಗೆ ತಂದರು. ಮುಚ್ಚಳದ ಮೇಲೆ ಸಮುದ್ರ ಸೀಳಿಕೊಂಡು ಬರುವ ಯುದ್ಧದ ದೋಣಿಯ ಚಿತ್ರ, ಎರಡು ಬದಿಯಲ್ಲೂ ಟಾರ್ಪೆಡೊ, ಹಿಂದೆ ಬಿಳಿ ನೊರೆ. ತೆಗೆದು ನೋಡಿದರೆ ಒಳಗೆ ದೋಣಿಯೇ ಇಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡು ಜೋತಾಡುವ ಚೂರುಪಾರು, ಒಂದು ಟ್ಯೂಬು ಅಂಟು, ಪುಟ್ಟ ಡಬ್ಬಿಗಳಲ್ಲಿ ಬಣ್ಣ, ಇಂಗ್ಲಿಷಿನ ಒಂದು ಹಾಳೆ. ನಾನು ಪೆಟ್ಟಿಗೆಯನ್ನು ಕವುಚಿ ಹಾಕಿ ಹುಡುಕಿದೆ.

“ದೋಣಿ ಎಲ್ಲುಂಟು?”

“ನಾವೇ ಮಾಡ್ಬೇಕು ಮಾರಾಯ್ತಿ. ಅದೇ ಅದರ ಮಜಾ.”

ಮಾರ್ಸೆಲ್ ಯುದ್ಧದ ಕಾಲದಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ, ಚಿತ್ತಗಾಂಗಿನ ಕಡೆ ಇಂಥ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವರು. ನನಗೆ ಗೊತ್ತಿದ್ದದ್ದು ಅಷ್ಟೇ. ಪೆಟ್ಟಿಗೆ ಬಂದ ದಿನ ಅವರ ಮುಖ ನೋಡಬೇಕಿತ್ತು ನೀನು. ಮರುಕ್ಷಣವೇ ಆ ಮುಖ ಸಣ್ಣದಾಯಿತು, ಯಾಕೆಂದರೆ ಕೈ ಇಲ್ಲವಲ್ಲ. ಹಂಚಿನ ಕಾರ್ಖಾನೆಯ ಪ್ರೆಸ್ಸಿಗೆ ಸಿಕ್ಕಿ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿ ಹೋಗಿತ್ತು. ಆ ಗಾಯಕ್ಕೆ ಅತ್ತಾವರದ ಆಸ್ಪತ್ರೆಯಲ್ಲಿ ದಿನಾ ಪಟ್ಟಿ ಕಟ್ಟಿದವಳು ನೀನು. ಹಾಗೆ ನಮಗೆ ಪರಿಚಯವಾದೆ. ಹಾಸ್ಟೆಲಿನ ಊಟ ಸೇರುವುದಿಲ್ಲ ಎಂದಾಗ ನಮ್ಮ ಪಕ್ಕದ ಮನೆಯ ಮುದುಕಿಯ ಕೋಣೆಯನ್ನು ನಿನಗೆ ಕೊಡಿಸಿದವಳು ನಾನೇ.

ಮೊದಲು ನಾನೇ ಪ್ರಯತ್ನಪಟ್ಟೆ, ಇದು ನಿನಗೆ ಗೊತ್ತಿಲ್ಲ. ಹಾಳೆ ಓದಿ ಹೇಳಿದೆ, ಚೂರುಗಳನ್ನು ಕೈಯಿಂದ ತಿರುಚಿ ಮುರಿದೆ, ಅಂಟು ಹಚ್ಚಿದೆ. ಆ ಅಂಟು ನಮ್ಮ ಮೈದಾ ಹಿಟ್ಟಿನ ಅಂಟಿನಂಥದ್ದಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಕೂಡಿಸುವಂಥದ್ದು. ಚಾಲಕನ ಮುಂದೆ ಇರುವ ಗಾಜಿನಂಥ ತೆಳು ತುಂಡಿಗೆ ನನ್ನ ಅಂಟುಗೈ ತಾಗಿ, ಹೆಬ್ಬೆಟ್ಟಿನ ಗುರುತು ಮೂಡಿ, ಅದು ಮಂಜಾಗಿಬಿಟ್ಟಿತು. ಸೆರಗಿನಿಂದ ಒರೆಸಿದೆ — ಇನ್ನೂ ಕೆಟ್ಟಿತು. ಮಾರ್ಸೆಲ್ ಸಿಟ್ಟಾಗಲಿಲ್ಲ. ಮೆಲ್ಲನೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು.

“ಬಿಡು ಬೆನ್ನಿ. ನಿನ್ನದು ಚಾಕ್‌ಪೀಸ್ ಹಿಡಿಯುವ ಕೈ.”

ಬೈದಿದ್ದರೆ ಮರೆಯುತ್ತಿದ್ದೆ. ಮರುದಿನ ನಾನೇ ನಿನ್ನನ್ನು ಕರೆದೆ. ಬಾ ಜುಲ್ಲಿ, ಇವರ ಆಟದ ಸಾಮಾನಿಗೆ ಒಂದಿಷ್ಟು ಕೈ ಹಾಕು ಎಂದೆ. ಕರೆದದ್ದು ನಾನು, ಇದನ್ನು ಒತ್ತಿ ಹೇಳುತ್ತೇನೆ. ಅಲ್ಲಿಯವರೆಗೆ ನೀನಾಗಿ ಒಂದು ದಿನವೂ ನಮ್ಮ ಹೊಸ್ತಿಲು ದಾಟಿ ಬಂದವಳಲ್ಲ.

ನೀನು ಚಿಮಟ ತಂದೆ, ಬ್ಲೇಡು ತಂದೆ. ತುಂಡನ್ನು ಮುರಿಯದೆ ಕೊಯ್ದು, ಕೊಯ್ದ ಜಾಗವನ್ನು ಉಜ್ಜುಕಾಗದದಿಂದ ತಿಕ್ಕಿ, ಸೂಜಿಯ ತುದಿಯಲ್ಲಿ ಅಂಟು ಮುಟ್ಟಿಸಿ, ಉಸಿರು ಕಟ್ಟಿ ಹಿಡಿದುಕೊಂಡು ಕೂರುತ್ತಿದ್ದೆ. “ಕೈ ಅಂದ್ರೆ ಇದು!” ಎಂದರು ಮಾರ್ಸೆಲ್, ಮೊದಲ ದಿನವೇ. ನಾನು ಚಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಚಾ ಚೆಲ್ಲಲಿಲ್ಲ. ಚೆಲ್ಲಿದ್ದರೆ ಒಳ್ಳೆಯದಿತ್ತು.

ಆಮೇಲೆ ಪ್ರತಿ ಆದಿತ್ಯವಾರ. ಪೂಜೆ ಮುಗಿಸಿ, ಊಟ ಮುಗಿಸಿ, ಕಿಟಕಿಯ ಬಳಿಯ ಮೇಜಿಗೆ ನೀವಿಬ್ಬರು. ಅವರ ಮೊಂಡು ಬೆರಳು ತೋರಿಸುವುದು, ನಿನ್ನ ಬೆರಳು ಮಾಡುವುದು. ನಿನ್ನ ತಲೆ, ಅವರ ತಲೆ, ಮಧ್ಯೆ ಆ ದೋಣಿ. ನನಗೆ ಗೊತ್ತಿತ್ತು ಜುಲ್ಲಿ — ಆಗಲೂ ಗೊತ್ತಿತ್ತು — ಅಲ್ಲಿ ಏನೂ ಇರಲಿಲ್ಲ. ಆದರೂ ಹೊಟ್ಟೆ ಉರಿಯುತ್ತಿತ್ತು. ಅರಿಷಡ್ವರ್ಗದ ಪಾಠದಲ್ಲಿ ಮತ್ಸರ ಕೊನೆಯದು, ಮಕ್ಕಳು ಅದನ್ನೇ ಮರೆತುಬಿಡುತ್ತಿದ್ದರು, ನಾನು ಕಿವಿ ಹಿಂಡಿ ನೆನಪಿಸುತ್ತಿದ್ದೆ. ಮನೆಗೆ ಬಂದರೆ ನನ್ನ ಕಿವಿ ಹಿಂಡುವವರು ಯಾರೂ ಇರಲಿಲ್ಲ.

ಒಂದು ಆದಿತ್ಯವಾರ ಒಳಗೆ ಮೀನು ಸರಿಮಾಡುತ್ತಿದ್ದೆ. ಹೊರಗೆ ಮಾರ್ಸೆಲ್ ನಿನಗೆ ಕತೆ ಹೇಳುತ್ತಿದ್ದರು. ಚಿತ್ತಗಾಂಗಿನಲ್ಲಿ ಒಂದು ಸಂಜೆ, ರಿಪೇರಿಯಾದ ದೋಣಿಯನ್ನು ಪರೀಕ್ಷೆಗೆಂದು ಓಡಿಸುವಾಗ, ತಿರುವಿನಲ್ಲಿ ಇವರು ನೀರಿಗೆ ಬಿದ್ದರಂತೆ. ದೋಣಿ ಮುಂದೆ ಹೋಗಿಬಿಟ್ಟಿತಂತೆ. ಕತ್ತಲಾಗುವವರೆಗೂ ಒಂದು ಹಲಗೆ ಹಿಡಿದು ತೇಲುತ್ತಾ ತಾಯಿಯನ್ನು ಕರೆದು ಅತ್ತರಂತೆ. “ಈಗಲೂ ಕನಸಲ್ಲಿ ಆ ದೋಣಿ ತಿರುಗಿ ಬರುವುದಿಲ್ಲ ನೋಡು,” ಎಂದರು. ನೀನು ಏನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ಸರಿ ಇತ್ತು, ಅದಕ್ಕೂ ನನಗೆ ಉರಿಯಿತು.

ಅವರು ನಿದ್ದೆಯಲ್ಲಿ ಬೆಚ್ಚಿ ಏಳುತ್ತಿದ್ದದ್ದು ನನ್ನ ಪಕ್ಕದಲ್ಲಿ. ನೀರು ಕೊಟ್ಟು, ಬೆನ್ನು ಸವರಿ ಮಲಗಿಸುತ್ತಿದ್ದವಳು ನಾನು. ಎಂತ ಆಯಿತು ಎಂದು ಕೇಳಿದರೆ “ಎಂತ ಇಲ್ಲ, ಗ್ಯಾಸು” ಎನ್ನುತ್ತಿದ್ದರು. ನನ್ನ ಪಾಲಿಗೆ ಗ್ಯಾಸು. ನಿನ್ನ ಪಾಲಿಗೆ ಚಿತ್ತಗಾಂಗು.

ಆ ವಾರವೇ ನಾನು ಚುಕ್ಕಾಣಿ ಕದ್ದೆ. ಹೆಸರುಕಾಳಿನಷ್ಟು ದೊಡ್ಡ ಚಕ್ರ, ಮೇಜಿನ ಮೇಲೆ ಸಾಸರಿನಲ್ಲಿ ಇಟ್ಟಿದ್ದಿರಿ. ಬೆರಳಿಗೆ ಎಂಜಲು ಹಚ್ಚಿ ಎತ್ತಿಕೊಂಡೆ, ಒಲೆಗೆ ಹಾಕಿದೆ. ಅಷ್ಟು ಚಿಕ್ಕದಕ್ಕೆ ಎಷ್ಟು ವಾಸನೆ! ಕಿಟಕಿ ತೆರೆದು ಸೊಪ್ಪಿನ ಒಗ್ಗರಣೆ ಹಾಕಿದೆ. ಒಂದು ತುಂಡು ಇಲ್ಲವಾದರೆ ಬೇಸರ ಬಂದು ಬಿಟ್ಟುಬಿಡುತ್ತೀರಿ, ಆದಿತ್ಯವಾರ ಮತ್ತೆ ನನ್ನದಾಗುತ್ತದೆ ಎಂದುಕೊಂಡಿದ್ದೆ. ನನ್ನ ಬುದ್ಧಿಗೆ ಏನೆನ್ನಲಿ. ನೀವಿಬ್ಬರೂ ಮಧ್ಯಾಹ್ನವಿಡೀ ನೆಲದ ಮೇಲೆ ಮೊಣಕಾಲೂರಿ, ಮೇಜಿನ ಕೆಳಗೆ ತಲೆಗೆ ತಲೆ ತಾಗಿಸಿಕೊಂಡು ಹುಡುಕಿದಿರಿ. ನಾನೂ ಹುಡುಕಿದೆ. ಪೊರಕೆ ತಂದು ಮಂಚದಡಿ ಗುಡಿಸಿದೆ. ಕೊನೆಗೆ ನೀನು ನಕ್ಕು, ನಿನ್ನ ಮುಡಿಯ ಬಾಚಣಿಗೆ ತೆಗೆದು, “ಇದರಲ್ಲೇ ಒಂದು ಕೆತ್ತುವ ಬಿಡಿ” ಎಂದೆ. ಬಾಚಣಿಗೆಯ ಚೂರಿನಿಂದ ಅಷ್ಟು ಸಣ್ಣ ಚಕ್ರ ಕೆತ್ತುವುದೆಂದರೆ! ಒಂದು ಮುರಿಯಿತು, ಇನ್ನೊಂದು ಮುರಿಯಿತು. ಈಸ್ಟರಿಗೆ ಮುಗಿಯಬೇಕಿದ್ದ ದೋಣಿ ಮಳೆಗಾಲದ ಬಾಗಿಲವರೆಗೆ ಹೋಯಿತು. ನಾನು ಕದ್ದ ಚಕ್ರ ನಿನ್ನನ್ನು ನಮ್ಮ ಮನೆಗೆ ಇನ್ನಷ್ಟು ಆದಿತ್ಯವಾರ ಕರೆಸಿತು. ಆ ಆದಿತ್ಯವಾರಗಳನ್ನೇ ಆಮೇಲೆ ನಿನ್ನ ತಲೆಗೆ ಕಟ್ಟಿದೆ.

ಮುಗಿದ ದಿನ ನೆನಪುಂಟಾ? ಬದಿಗೆ ಅಂಟಿಸುವ ನಂಬರಿನ ಕಾಗದವನ್ನು ನೀರಿನಲ್ಲಿ ನೆನೆಸಿ, ಮೆಲ್ಲನೆ ಜಾರಿಸಿ ಕೂರಿಸಿದೆ ನೀನು. ಮಾರ್ಸೆಲ್ ಚಪ್ಪಾಳೆ ತಟ್ಟಿ ಕರೆದರು, “ಬೆನ್ನಿ, ಬಂದು ನೋಡು!” ಅನ್ನ ಅಡಿ ಹಿಡಿಯುತ್ತದೆ ಎಂದು ನಾನು ಒಳಗೇ ಉಳಿದೆ. ನೀನು ಹೋದ ಮೇಲೆ ನೋಡಿದೆ. ಚೆಂದ ಇತ್ತು ಜುಲ್ಲಿ. ತುಂಬ ಚೆಂದ ಇತ್ತು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ಮಳೆಗೆ ಬೂಸ್ಟು ಹಿಡಿಯಬಾರದೆಂದು ಮಾರ್ಸೆಲ್ ಅದನ್ನು ನನ್ನ ಮರದ ಕಪಾಟಿನಲ್ಲಿಟ್ಟರು — ನನ್ನ ಮದುವೆಯ ಕೆಂಪು ಸೀರೆ ಮಡಚಿಟ್ಟ ಖಾನೆಯಲ್ಲಿ. ಅಲ್ಲೇ ಜಾಗ ಇತ್ತು, ಇಟ್ಟರು, ಅವರ ಮನಸ್ಸಿನಲ್ಲಿ ಬೇರೆ ಏನೂ ಇಲ್ಲ. ನಾನು ಕಪಾಟಿಗೆ ಬೀಗ ಹಾಕಿದೆ.

ಗಿಲ್ಬರ್ಟನ ವಿಷಯ ನೀನು ಹೇಳಿದ್ದು ಅದೇ ದಿನಗಳಲ್ಲಿ. ಬಹರೈನಿನಿಂದ ರಜೆಗೆ ಬಂದವನು ಟೈಫಾಯ್ಡ್ ಆಗಿ ನಿನ್ನ ವಾರ್ಡಿನಲ್ಲಿ ಮಲಗಿದ್ದ, ಹೋಗುವಾಗ “ಮನೆಯಿಂದ ಹೆಣ್ಣು ಕೇಳಿಸ್ಲಾ?” ಎಂದು ನಿನ್ನನ್ನೇ ನೇರವಾಗಿ ಕೇಳಿದ್ದ, ನೀನು “ಕೇಳಿಸಿ” ಎಂದಿದ್ದೆ. ನನ್ನ ಜಗಲಿಯಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಾ ಇದನ್ನು ಹೇಳುವಾಗ ನೀನು ಕಲ್ಲಿನ ಬದಲು ಅಕ್ಕಿಯನ್ನೇ ಹೆಕ್ಕಿ ಎಸೆಯುತ್ತಿದ್ದೆ. ಬುದ್ಧಿ ಇದ್ದವಳಾಗಿದ್ದರೆ ನಾನು ಹೋಗಿ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚುತ್ತಿದ್ದೆ. ನೀನು ಮದುವೆಯಾಗಿ ಹೋದರೆ ನನ್ನ ಉರಿಗೆ ಕಾರಣವೇ ಇರುತ್ತಿರಲಿಲ್ಲವಲ್ಲ! ಆದರೆ ನನ್ನೊಳಗೆ ಬೇರೆಯೇ ಒಂದು ಎದ್ದಿತು. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮಾರ್ಸೆಲರ ತಾಯಿ ನನ್ನ ತಾಯಿಯನ್ನು ಕೇಳಿದ್ದರು. ಇವಳಿಗೆ ಎಲ್ಲ ಸಿಗುತ್ತದೆ — ಕೈಯೂ ಇವಳದೇ, ಕತೆಯೂ ಇವಳಿಗೇ, ಈಗ ತಾನಾಗಿ ಬಯಸಿ ಬರುವ ಗಂಡೂ ಇವಳಿಗೇ —

ಗಿಲ್ಬರ್ಟನ ವಿಷಯ ಮಾರ್ಸೆಲರಿಗೆ ಹೇಳಿದಾಗ ಅವರು ಖುಷಿಯಿಂದ ತೊಡೆ ತಟ್ಟಿದರು. “ಜುಲ್ಲಿಯಂಥ ಹುಡುಗಿ ಸಿಗ್ಬೇಕಾದ್ರೆ ಆ ಗಿಲ್ಬರ್ಟ್ ಪುಣ್ಯ ಮಾಡಿರ್ಬೇಕು,” ಎಂದರು. ನಾನು ತಟ್ಟೆ ತೊಳೆಯಲು ಎದ್ದೆ.

ನಮ್ಮವರಲ್ಲಿ ಹುಡುಗಿಯ ವಿಚಾರಣೆ ಹೇಗೆ ನಡೆಯುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಪಾದ್ರಿಗಳಲ್ಲಿ ಕೇಳಿದ ಮೇಲೆ ನೆರೆಮನೆಯಲ್ಲಿ ಕೇಳುತ್ತಾರೆ, ನೆಪ ಮಾಡಿಕೊಂಡು. ಒಂದು ಬುಧವಾರ ಸಂಜೆ, ಮಾರ್ಸೆಲ್ ಕಾರ್ಖಾನೆಯಿಂದ ಬರುವ ಮೊದಲು, ಒಬ್ಬರು ವಯಸ್ಸಾದ ಬಾಯಮ್ಮ ಕೊಡೆ ಮಡಚಿ ಒಳಗೆ ಬಂದರು. ಈ ಕಡೆ ಬಾಡಿಗೆಗೆ ಮನೆ ಉಂಟಾ ಎಂದು ಕೇಳಿದರು. ಗಿಲ್ಬರ್ಟನ ತಾಯಿ ಎಂದು ನನಗೆ ಗೊತ್ತಾಯಿತು. ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು. ಮನೆಯ ವಿಷಯ, ಮಳೆಯ ವಿಷಯ, ನನ್ನ ಶಾಲೆಯ ವಿಷಯ ಮಾತಾಡಿದೆವು. ಚಾ ಕೊಟ್ಟೆ. ಆಮೇಲೆ ಅವರು ಲೋಟ ಕೆಳಗಿಟ್ಟು ಕೇಳಿದರು.

“ಪಕ್ಕದಲ್ಲಿ ಒಬ್ಬಳು ನರ್ಸ್ ಇದ್ದಾಳಲ್ಲ ಟೀಚರ್, ಹುಡುಗಿ ಹೇಗೆ?”

“ಒಳ್ಳೆಯವಳೇ,” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. “ಆದಿತ್ಯವಾರ ಮಾತ್ರ ಇಲ್ಲೇ ಇರ್ತಿದ್ದಳು. ನಮ್ಮವರ ಒಟ್ಟಿಗೆ.”

“ನಿಮ್ಮವರ ಒಟ್ಟಿಗಾ? ಎಂತ ಕೆಲಸ?”

“ದೋಣಿ ಮಾಡ್ತೇವೆ ಅಂತಿದ್ರು.”

“ದೋಣಿಯಾ? ಮನೆಯೊಳಗಾ?”

ಕಪಾಟು ಅವರ ಬೆನ್ನ ಹಿಂದೆಯೇ ಇತ್ತು, ಬೀಗದ ಕೈ ನನ್ನ ಸೊಂಟದಲ್ಲಿ. ಎದ್ದು ಬಾಗಿಲು ತೆರೆದಿದ್ದರೆ ಸಾಕಿತ್ತು. ನೋಡಿ ಬಾಯಮ್ಮ, ಇದೇ ದೋಣಿ, ಅವಳ ಬೆರಳಿನ ಕೆಲಸ ನೋಡಿ — ಎಂದಿದ್ದರೆ ಅವರು ನಕ್ಕು, ಮೂಗಿನ ಮೇಲೆ ಬೆರಳಿಟ್ಟು, ಇಂಥ ಕೈಯವಳು ನಮ್ಮ ಮನೆಗೇ ಬರಲಿ ಎನ್ನುತ್ತಿದ್ದರು. ನಾನು ಏಳಲಿಲ್ಲ. ತಲೆ ಬಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಂಡೆ. ನೊಂದ ಹೆಂಡತಿ ಹೇಗೆ ಕೂರುತ್ತಾಳೋ ಹಾಗೆ ಕೂತೆ. ಯಾರೂ ಕಲಿಸದೆ ಅದು ಹೇಗೆ ಬಂತು ನನಗೆ?

ಅವರು ನನ್ನ ಕೈ ಹಿಡಿದರು. “ಬೇಸರ ಮಾಡ್ಬೇಡಿ ಟೀಚರ್. ನಿಮ್ಮ ಕಷ್ಟ ನನಗೆ ಅರ್ಥ ಆಗ್ತದೆ. ನಮ್ಮ ಹುಡುಗ ದೂರದಲ್ಲಿರುವವ, ನಾವೇ ನೋಡ್ಬೇಕಲ್ಲ.” ಕೊಡೆ ತೆಗೆದುಕೊಂಡು ಹೊರಟರು. ಗೇಟಿನವರೆಗೆ ಹೋಗಿ ಕಳಿಸಿಕೊಟ್ಟೆ.

ಹುಡುಗನಿಗೆ ರಜೆ ಇಲ್ಲ, ಈಗಲೇ ಮದುವೆ ಬೇಡ ಎಂದು ಹೇಳಿ ಕಳಿಸಿದರು. ನೀನು ನನ್ನಲ್ಲಿಗೇ ಬಂದೆ, ಬೇರೆ ಎಲ್ಲಿಗೆ ಹೋಗುತ್ತೀ? “ಅವರು ನಿಮ್ಮಲ್ಲಿ ಎಂತಾದ್ರೂ ಕೇಳಿದ್ರಾ ಬೆನ್ನಿಬಾಯಿ?” ಎಂದೆ. “ಇಲ್ಲ,” ಎಂದೆ ನಾನು. ಇದು ಮಾತ್ರ ಶುದ್ಧ ಸುಳ್ಳು. ನನ್ನ ಮಡಿಲಲ್ಲಿ ತಲೆಯಿಟ್ಟು ನೀನು ಅತ್ತೆ, ನಿನ್ನ ಬೆನ್ನು ಸವರಿದೆ. ಆ ಮೇಲಿನ ಆದಿತ್ಯವಾರಗಳಲ್ಲಿ ಮನೆ ಶಾಂತವಾಗಿತ್ತು. ಮಾರ್ಸೆಲ್ ಕಿಟಕಿಯ ಬಳಿ ಸುಮ್ಮನೆ ಕೂರುತ್ತಿದ್ದರು. ನನಗೆ ಬೇಕಾದದ್ದು ಸಿಕ್ಕಿತ್ತು, ಆದರೆ ಅವರಿಗೆ ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ.

ನೀನು ಕುವೈತಿಗೆ ಹೊರಟಾಗ ಮಾರ್ಸೆಲ್ ಆ ದೋಣಿಯನ್ನು ನಿನಗೇ ಕೊಟ್ಟರು. ಅಲ್ಲಿ ದುಡಿದು ನೀನು ತಂಗಿಯರ ಮದುವೆ, ತಮ್ಮನ ಓದು ಎಲ್ಲ ಮಾಡಿಸಿದೆ, ನಿನ್ನ ಮದುವೆ ಆಗಲಿಲ್ಲ. ಮಾರ್ಸೆಲ್ ತೀರಿಹೋದರು, ಅವರಿಗೆ ಕೊನೆಯವರೆಗೂ ಏನೂ ಗೊತ್ತಾಗಲಿಲ್ಲ. ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಹೇಳಿದ್ದೇನೆ. ಮೊದಲನೆಯವರು ಕೊಟ್ಟ ಪ್ರಾಯಶ್ಚಿತ್ತದ ಜಪ ಬಸ್ಸು ಬರುವುದರೊಳಗೆ ಮುಗಿಯಿತು. ಇನ್ನೊಬ್ಬರು, ಹೋಗಿ ಅವಳಿಗೇ ಹೇಳಮ್ಮ ಎಂದರು. ಮುಂದಿನ ಸಲ ನಾನು ಬೇರೆ ಇಗರ್ಜಿಗೆ ಹೋದೆ.

ಹೇಳದೆಯೇ ಸಾಯುತ್ತಿದ್ದೆನೋ ಏನೋ. ಆದರೆ ಹೋದ ತಿಂಗಳು ಕೊಟ್ಟಾರದ ನಿನ್ನ ಮನೆಯಲ್ಲಿ ಚಾ ಕುಡಿಯುವಾಗ, ಗಿಲ್ಬರ್ಟ್ ತೀರಿಕೊಂಡ ಸುದ್ದಿ ಪೇಪರಿನಲ್ಲಿ ನೋಡಿದೆ ಎಂದು ನೀನು ಹೇಳಿದೆ. ಆಮೇಲೆ ಬಿಸ್ಕಿಟನ್ನು ಚಾದಲ್ಲಿ ಅದ್ದುತ್ತಾ, ಇಷ್ಟು ವರ್ಷ ಬಾಯಿ ಬಿಡದ ಮಾತು ಆಡಿದೆ. “ಜ್ವರದಲ್ಲಿರುವಾಗ ಅವನ ಮೈ ಒರೆಸಿದವಳು ನಾನಲ್ಲವಾ ಬೆನ್ನಿಬಾಯಿ. ಗಂಡಸರ ಮೈ ಮುಟ್ಟುವ ಹೆಂಗಸು ಅಂತ ಆಮೇಲೆ ಅವನಿಗೇ ಹೇಸಿಗೆ ಆಗಿರ್ಬೇಕು. ಅದಕ್ಕೇ ಮತ್ತೆ ಬೇರೆ ಸಂಬಂಧ ನೋಡುವುದು ಬೇಡ ಅಂದದ್ದು ನಾನು. ಇನ್ನೊಬ್ಬ ಹಾಗೆ ನೋಡುವುದು ಬೇಡ ಅಂತ.” ನಗುತ್ತಾ ಹೇಳಿದೆ. ನಿನ್ನ ಕೈಯನ್ನು ನೀನೇ ತಿರುಗಿಸಿ ನೋಡಿಕೊಂಡೆ — ಆ ಕೈಯನ್ನು. ನಾನು ಇನ್ನೊಂದು ಬಿಸ್ಕಿಟು ತೆಗೆದುಕೊಂಡೆ.

ಇನ್ನೂ ಒಂದುಂಟು. ಎಲ್ಲಕ್ಕಿಂತ ಕೆಟ್ಟದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಹೇಡಿ ನಾನು.

ಗಿಲ್ಬರ್ಟ್ ಬಂದಿದ್ದ. ಮರುವರ್ಷದ ಬೇಸಿಗೆಯಲ್ಲಿ, ನೀನು ಕುವೈತಿಗೆ ಹೊರಡುವ ಮೊದಲು. ಮಧ್ಯಾಹ್ನದ ಬಿಸಿಲಿನಲ್ಲಿ ನಮ್ಮ ಗೇಟಿನ ಹೊರಗೆ ನಿಂತು, ಬೆವರು ಒರೆಸಿಕೊಳ್ಳುತ್ತಾ ಕೇಳಿದ. “ಹುಡುಗಿಗೆ ಇಷ್ಟ ಇಲ್ಲ ಅಂತ ಮನೆಯವರು ಹೇಳಿದ್ರು ಟೀಚರ್. ಹೌದಾ? ಅವಳ ಬಾಯಿಯಿಂದಲೇ ಒಂದು ಸಲ ಕೇಳಿ ಹೋಗ್ತೇನೆ. ಎಲ್ಲಿದ್ದಾಳೆ?” ನೀನು ಆಸ್ಪತ್ರೆಯಲ್ಲಿದ್ದೆ, ನಮ್ಮ ಗೇಟಿನಿಂದ ಅದರ ಹಂಚಿನ ಮಾಡು ಕಾಣುತ್ತಿತ್ತು. ಅಷ್ಟು ಹೊತ್ತಿಗೆ ನನ್ನಲ್ಲಿ ಮತ್ಸರವೂ ಉಳಿದಿರಲಿಲ್ಲ ಜುಲ್ಲಿ. ಬರೀ ಹೆದರಿಕೆ — ನೀವಿಬ್ಬರು ಮಾತಾಡಿದರೆ ನನ್ನ ಮಾತು ಹೊರಗೆ ಬರುತ್ತದೆಂಬ ಹೆದರಿಕೆ. “ಅವಳು ಊರಿಗೆ ಹೋಗಿದ್ದಾಳೆ. ಯಾವಾಗ ಬರ್ತಾಳೋ ಗೊತ್ತಿಲ್ಲ,” ಎಂದೆ. “ಇಷ್ಟ ಇಲ್ಲ ಅಂತ ಅವಳು ಹೇಳಿದ್ದು ಹೌದಾ?” ಎಂದು ಮತ್ತೆ ಕೇಳಿದ. ನಾನು ಉತ್ತರ ಕೊಡಲಿಲ್ಲ. ಅವನಿಗೆ ಅದೇ ಉತ್ತರವಾಯಿತು. ಬಂದ ಬಿಸಿಲಿನಲ್ಲೇ ತಿರುಗಿ ಹೋದ. ಸಂಜೆ ನೀನು ಡ್ಯೂಟಿ ಮುಗಿಸಿ ಬಂದು, ಸಾರಿಗೆ ಅರ್ಧ ತೆಂಗಿನಕಾಯಿ ಉಂಟಾ ಎಂದು ಕೇಳಿದೆ. ಕೊಟ್ಟೆ.

ಇಲ್ಲಿ ಒಮ್ಮೆ ಬರೆದದ್ದರಿಂದ ಧೈರ್ಯ ಬಂದಿದೆ; ನಾಳೆ ಬೆಳಿಗ್ಗೆ ಕೊಟ್ಟಾರಕ್ಕೆ ಬಂದು ಇದಿಷ್ಟನ್ನೂ ನಮ್ಮ ಕೊಂಕಣಿಯಲ್ಲೇ ಹೇಳುತ್ತೇನೆ. ಅಳು ಬಂದರೆ ಬರಲಿ, ನೀನು ಕರಗಬೇಡ. ನನ್ನನ್ನು ಏನು ಬೇಕಾದರೂ ಮಾಡು, ಆದರೆ ಆ ಒಂದು ಯೋಚನೆಯನ್ನು ಬಿಡು. ಅವನಿಗೆ ಹೇಸಿಗೆ ಆಗಿರಲಿಲ್ಲ. ನಿನ್ನನ್ನು ಕೇಳಿಕೊಂಡು ಬಿಸಿಲಲ್ಲಿ ಬಂದು ನಿಂತಿದ್ದ. ನಿನ್ನನ್ನು ಬೇಡ ಎಂದವರು ಈ ಮಂಗಳೂರಿನಲ್ಲಿ ಯಾರೂ ಇರಲಿಲ್ಲ ಜುಲ್ಲಿ, ನನ್ನೊಬ್ಬಳ ಹೊರತು.